‘ರ’ಕಾರಕ್ಕೆ ಮರ್ಯಾದೆ ಕೊಡುವವರು ಯಾರು?

‘ಕಾರ್’, ‘ಹಾರ್ಡ್’ ಎನ್ನುವಾಗ ‘ರ್’ ಕಿವಿಗೆ ಬೀಳಬೇಕೇ? ಲಂಡನ್ನಿನ ಸುಶಿಕ್ಷಿತರ ಬಾಯಲ್ಲಿ ಅದು ಕೇಳಿಸುವುದಿಲ್ಲ, ನ್ಯೂಯಾರ್ಕಿನ ಸುಶಿಕ್ಷಿತರ ಬಾಯಲ್ಲಿ ಕೇಳಿಸುತ್ತದೆ. ಇಂಗ್ಲೆಂಡಿನ ಡೆವನ್, ಸಾಮರ್‌ಸೆಟ್ ಕಡೆಯವರು ಅದೇ ‘ರ್’ ಅನ್ನು ತುಂಬುಬಾಯಲ್ಲಿ ಆಡಿದರೆ ರೈತಾಪಿ ಮಾತು ಎನ್ನಿಸಿಕೊಳ್ಳುತ್ತದೆ. ಒಂದೇ ಧ್ವನಿ ಒಂದೂರಲ್ಲಿ ಹಳ್ಳಿಗಾಡಿನ ಗುರುತು, ಇನ್ನೊಂದೂರಲ್ಲಿ ದೊಡ್ಡಮನುಷ್ಯರ ಲಕ್ಷಣ. ನಾವು ಉಚ್ಚಾರಣೆಯ ಶುದ್ಧಿ ಎಂದು ಕರೆಯುವುದು ಬಹುಮಟ್ಟಿಗೆ ಆಡುವವರ ಅಂತಸ್ತಿನ ಲೆಕ್ಕಾಚಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇದನ್ನು ಅಳೆದು ತೋರಿಸಿದವರು ಭಾಷಾವಿಜ್ಞಾನಿ ವಿಲಿಯಂ ಲಬಾವ್. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು: ಸಿರಿವಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಮಾಲಿನ ಎಸ್. ಕ್ಲೈನ್. ನಾಲ್ಕನೇ ಮಹಡಿಯಲ್ಲಿ ಏನು ಮಾರುತ್ತಾರೆಂದು ಮೊದಲೇ ತಿಳಿದುಕೊಂಡು, ಅದು ಎಲ್ಲಿದೆ ಎಂದು ಕೆಲಸದವರನ್ನು ಕೇಳುತ್ತಿದ್ದರು. ಬರುವ ಉತ್ತರ ‘ಫೋರ್ತ್ ಫ್ಲೋರ್’. ಅದರಲ್ಲಿ ಎರಡು ‘ರ್’. ಸರಿಯಾಗಿ ಕೇಳಿಸದವರಂತೆ ಮುಂದಕ್ಕೆ ಬಾಗಿ ‘ಏನಂದಿರಿ?’ ಎಂದರೆ ಅವರು ಇನ್ನೊಮ್ಮೆ ಒತ್ತಿ ಹೇಳುತ್ತಿದ್ದರು. ಆಮೇಲೆ ಅವರ ಕಣ್ಣಿಗೆ ಬೀಳದ ಕಡೆ ನಿಂತು ಲಬಾವ್ ಬರೆದುಕೊಳ್ಳುತ್ತಿದ್ದರು. ಹೀಗೆ 264 ಜನರ ಮಾತು ಸಿಕ್ಕಿತು. ಒಮ್ಮೆಯಾದರೂ ‘ರ್’ ನುಡಿದವರು ಸ್ಯಾಕ್ಸ್‌ನಲ್ಲಿ ನೂರಕ್ಕೆ ಸುಮಾರು 60, ಮೇಸೀಸ್‌ನಲ್ಲಿ 50, ಕ್ಲೈನ್‌ನಲ್ಲಿ 20. ಸ್ಯಾಕ್ಸ್‌ನವರಿಗೆ ಸಂಬಳವೇನೂ ಹೆಚ್ಚಿರಲಿಲ್ಲ. ಗಿರಾಕಿಗಳ ದೌಲತ್ತು ಅವರ ನಾಲಿಗೆಗೂ ಹತ್ತಿತ್ತು. ಎರಡನೇ ಸಲ ಒತ್ತಿ ಹೇಳುವಾಗ ‘ರ್’ ಹೆಚ್ಚಾದದ್ದಂತೂ ಇನ್ನೂ ಮುಖ್ಯ. ಯಾವುದನ್ನು ‘ಸರಿ’ ಎನ್ನುತ್ತಾರೆ ಎಂಬುದು ಆಡದಿದ್ದವರಿಗೂ ಗೊತ್ತಿತ್ತು.

ಈ ‘ಸರಿ’ಯೂ ಹಳೆಯದಲ್ಲ. ನ್ಯೂಯಾರ್ಕಿನ ಸಿರಿವಂತ ಮನೆತನದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ‘ರ್’ ಬಿಟ್ಟೇ ಮಾತಾಡುತ್ತಿದ್ದರು. ಆಗ ಅದೇ ಘನತೆಯ ಇಂಗ್ಲಿಷು. ಎರಡನೇ ಮಹಾಯುದ್ಧದ ನಂತರ ಗಾಳಿ ತಿರುಗಿತು. ಇಂಗ್ಲೆಂಡಿನಲ್ಲಿ ಗಾಳಿ ಬೀಸಿದ್ದು ಇದಕ್ಕೆ ತದ್ವಿರುದ್ಧವಾಗಿ. ಲಂಡನ್ನಿನಲ್ಲಿ ‘ರ್’ ಸವೆಯುತ್ತಿದೆ ಎಂದು ಜಾನ್ ವಾಕರ್ 1791ರ ತಮ್ಮ ಉಚ್ಚಾರಣಾ ಕೋಶದಲ್ಲಿ ಗುರುತಿಸಿದ್ದರು. 19ನೇ ಶತಮಾನದಲ್ಲೂ ಅದನ್ನು ಕೀಳು ಮಾತೆಂದು ಹಳಿದವರಿದ್ದರು. 1917ರಲ್ಲಿ ಡೇನಿಯಲ್ ಜೋನ್ಸ್ ಪ್ರತಿಷ್ಠಿತ ವಸತಿ ಶಾಲೆಗಳಲ್ಲಿ ಓದಿದವರ ನುಡಿಯನ್ನು ಕೋಶಕ್ಕಿಳಿಸುವ ಹೊತ್ತಿಗೆ ‘ರ್’ ಇಲ್ಲದ್ದೇ ಮಾದರಿಯಾಗಿತ್ತು.

ಉಚ್ಚಾರಣೆ ಹೀಗೆ ಜಾರುತ್ತಾ ಹೋದರೆ ಅರ್ಥ ಕೆಡುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ‘ರ್’ ಬಿದ್ದುಹೋದ್ದರಿಂದ ಲಂಡನ್ನಿನಲ್ಲಿ ‘ಸಾಸ್’, ‘ಸೋರ್ಸ್’ ಒಂದೇ ಆಗಿವೆ. ಆದರೂ ಊಟದ ಮೇಜಿನಲ್ಲಿ ಅಲ್ಲಿ ಯಾರೂ ತಬ್ಬಿಬ್ಬಾಗುವುದಿಲ್ಲ, ಸಂದರ್ಭ ಎಲ್ಲವನ್ನೂ ಹೇಳುತ್ತದೆ. ಭಾಷೆಯನ್ನು ಕಟ್ಟಿಹಾಕಲು ಒಂದು ಮಂಡಳಿ ಬೇಕೆಂದು ಜೊನಾಥನ್ ಸ್ವಿಫ್ಟ್ 1712ರಲ್ಲೇ ಬರೆದಿದ್ದರು. ‘ಡಿಸ್ಟರ್ಬೆಡ್’ ಎಂದು ಬಿಡಿಸಿ ಹೇಳದೆ ‘ಡಿಸ್ಟರ್ಬ್ಡ್’ ಎಂದು ಮೊಟಕು ಮಾಡುವುದು ಅವರಿಗೆ ಸಹಿಸಲಾಗದ ಒರಟುತನವಾಗಿ ಕಂಡಿತ್ತು. ಇಂದು ಆ ಮೊಟಕು ರೂಪವೇ ಎಲ್ಲರದು. ಬರಹಕ್ಕೆ ಒಂದು ಒಪ್ಪಿತ ರೂಪ ಬೇಕು ಎಂಬುದು ನಿಜ, ಅದು ಇದ್ದೇ ಇದೆ: ‘ರ್’ ನುಡಿಯುವ ಎಡಿನ್‌ಬರೋ, ನುಡಿಯದ ಲಂಡನ್ ಎರಡೂ ಅದನ್ನು ಬರೆಯುತ್ತವೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಜಗತ್ತು ಅನ್ಯಾಯವಾಗಿಯೇ ಅಳೆಯುತ್ತಿರುವಾಗ, ಮಕ್ಕಳಿಗೆ ಬೆಲೆಯುಳ್ಳ ಉಚ್ಚಾರಣೆ ಕಲಿಸದಿರುವುದು ಅವರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ? ಕಲಿಸಬೇಕು, ಅನುಮಾನವಿಲ್ಲ. ಆದರೆ ಕಲಿಸುವಾಗ ಅದು ಒಂದು ಕೆಲಸಕ್ಕೆ ಬೇಕಾದ ಕೌಶಲ ಎಂದು ಹೇಳುವುದಕ್ಕೂ, ನಿಮ್ಮ ಮನೆಯವರ ಮಾತು ತಪ್ಪು ಎಂದು ಹೇಳುವುದಕ್ಕೂ ಬಹಳ ದೂರ. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ಉಚ್ಚಾರಣೆಯನ್ನು ‘ನ್ಯೂಟ್ರಲ್’ ಮಾಡುವ ತರಬೇತಿ ಕೊಡುತ್ತಾ ಬಂದಿದ್ದಾರೆ. ಬರೆದಂತೆ ಓದುವ ರೂಢಿಯ ಕನ್ನಡಿಗರು ‘ರ್’ ಅನ್ನು ಸಹಜವಾಗಿಯೇ ನುಡಿಯುತ್ತಾರೆ. ಕರೆ ಬಾಸ್ಟನ್‌ನಿಂದಲೂ ಬರಬಹುದು, ಬ್ರಿಸ್ಟಲ್‌ನಿಂದಲೂ ಬರಬಹುದು. ಆ ಊರುಗಳಲ್ಲೇ ‘ರ್’ ಬಿಡುವವರೂ ಇದ್ದಾರೆ, ಹಿಡಿಯುವವರೂ ಇದ್ದಾರೆ. ಎಲ್ಲರಿಗೂ ಸಮವಾದ ‘ನ್ಯೂಟ್ರಲ್’ ಉಚ್ಚಾರಣೆ ಎಂಬುದು ಎಲ್ಲೂ ಇಲ್ಲ. ಗಿರಾಕಿಯ ಕಿವಿಗೆ ಹೊಂದುವ ಉಚ್ಚಾರಣೆ ಎಂದೇ ಕರೆದು ಅದನ್ನು ಕಲಿಸಲಿ.