ನಿಮಗಿದು ಗೊತ್ತೇ? ಗುಂಟೆ ಕಾಯುವ ಗಣಕದ ಗುಟ್ಟುಗಳು

ಎಕ್ಸೆಲ್‌ಗೆ ಗುಂಟೆ ಗೊತ್ತಿಲ್ಲ. ಎರಡು ಹಿಸ್ಸೆಗಳ ವಿಸ್ತೀರ್ಣವನ್ನು 1.30 ಮತ್ತು 2.25 ಎಂದು ಕೊಟ್ಟು ಕೂಡಿಸಿ ನೋಡಿ, 3.55 ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ 30 ಗುಂಟೆಗೆ 25 ಗುಂಟೆ ಸೇರಿದರೆ 1 ಎಕರೆ 15 ಗುಂಟೆ, ಒಟ್ಟು 4 ಎಕರೆ 15 ಗುಂಟೆ. ಆ 3.55ನ್ನೇ ಎಕರೆ ಎಂದು ನಂಬಿ ದರದಿಂದ ಗುಣಿಸಿದರೆ ವರದಿಯಲ್ಲಿ 33 ಗುಂಟೆ ಕಾಣೆಯಾಗುತ್ತದೆ. ಅದು ಬ್ಯಾಂಕ್ ಸಾಲದ ವರದಿಯಾಗಿರಲಿ, ಭೂಸ್ವಾಧೀನದ್ದಾಗಿರಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯದಾಗಿರಲಿ, ಪೆಟ್ಟು ತಿನ್ನುವುದು ಆ ಜಮೀನನ್ನೇ ನಂಬಿಕೊಂಡ ಮನೆ. ಹಳ್ಳಿಯ ಜಮೀನಿಗೆ ಬೆಲೆ ಕಟ್ಟುವವರು ಕಂಪ್ಯೂಟರಿನಲ್ಲಿ ಮೊದಲು ಕಲಿಯಬೇಕಾದ ಪಾಠ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ಮದ್ದು ಎಕ್ಸೆಲ್‌ನಲ್ಲೇ ಇದೆ. ಡಾಲರ್‌ಡಿಇ ಎಂಬ ಸೂತ್ರ. ಅಮೆರಿಕದ ಸಾಲಪತ್ರಗಳ ಬೆಲೆಯನ್ನು ಹದಿನಾರನೇ ಪಾಲು, ಮೂವತ್ತೆರಡನೇ ಪಾಲು ಎಂದು ಹೇಳುವ ರೂಢಿಯಿತ್ತು. ಅದಕ್ಕಾಗಿ ಮಾಡಿದ ಸೂತ್ರ ನಮ್ಮ ನಲವತ್ತನೇ ಪಾಲಿಗೂ ಸರಿಯಾಗಿ ಒದಗುತ್ತದೆ. ಆವರಣದೊಳಗೆ ಮೊದಲು 2.18, ಅಲ್ಪವಿರಾಮ, ಆಮೇಲೆ 40 ಎಂದು ಕೊಟ್ಟರೆ ಉತ್ತರ 2.45, ಅಂದರೆ ದಶಮಾಂಶದ ಎಕರೆ. ಕೂಡಿಸುವುದು, ಗುಣಿಸುವುದು ಎಲ್ಲ ಇದರಲ್ಲೇ ನಡೆಯಲಿ. ಮತ್ತೆ ಎಕರೆ-ಗುಂಟೆಗೆ ತರಬೇಕಾದಾಗ ಇದರ ಜೋಡಿ ಸೂತ್ರ ಡಾಲರ್‌ಎಫ್‌ಆರ್ ಬಳಸಿ. ಲಿಬ್ರೆಆಫೀಸ್‌ನಲ್ಲೂ ಇವೆರಡೂ ಇವೆ. ಒಂದೇ ಎಚ್ಚರ: ಐದು ಗುಂಟೆಯನ್ನು .05 ಎಂದೇ ಬರೆಯಬೇಕು. .5 ಎಂದರೆ ಸೂತ್ರ ಅದನ್ನು ಐವತ್ತು ಗುಂಟೆ ಎಂದು ಓದುತ್ತದೆ.

ಅದೇ 2.18 ಘಟ್ಟ ಇಳಿದ ಮೇಲೆ ಬೇರೆಯೇ ಆಗುತ್ತದೆ, ಗೊತ್ತೇ? ಮಂಗಳೂರು, ಉಡುಪಿ ಕಡೆ ಮದ್ರಾಸ್ ಆಡಳಿತದ ಕಾಲದಿಂದ ಬಂದದ್ದು ಸೆಂಟ್ಸ್ ಲೆಕ್ಕ. ಎಕರೆಗೆ ನೂರು ಸೆಂಟ್ಸ್, ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಅಲ್ಲಿ 2.18 ನಿಜವಾದ ದಶಮಾಂಶ, ಯಾವ ಸೂತ್ರವೂ ಬೇಡ. ಒಂದೇ ಅಂಕಿಯನ್ನು ಗುಂಟೆಯೆಂದು ಓದುವುದಕ್ಕೂ ಸೆಂಟ್ಸ್ ಎಂದು ಓದುವುದಕ್ಕೂ ನಡುವೆ ಹತ್ತು ಗುಂಟೆಗೂ ಮಿಕ್ಕಿದ ಅಂತರ. ಎರಡೂ ಕಡೆ ಕೆಲಸ ಮಾಡುವವರು ಹಾಳೆಯಲ್ಲಿ ‘ಮಾನ’ ಎಂಬ ಕಾಲಮ್ ಒಂದನ್ನು ಬೇರೆಯಾಗಿಯೇ ಇಡಲಿ.

ಆಣೆಯೂ ಸೇರಿದರೆ? ಗುಂಟೆಗೆ 16 ಆಣೆ, ಎಕರೆಗೆ 640 ಆಣೆ. ಎಲ್ಲವನ್ನೂ ಆಣೆಗೆ ಇಳಿಸಿ ಕೂಡಿಸಿ, ಕೊನೆಗೆ 640ರಿಂದ ಭಾಗಿಸಿ. ದಶಮಾಂಶದ ತಂಟೆಯೇ ಇರುವುದಿಲ್ಲ.

ಹಳೆಯ ಸರ್ವೆ ಟಿಪ್ಪಣಿಯಲ್ಲಿ ಉದ್ದಕ್ಕೂ ಆಣೆ ಎಂದೇ ಇರುತ್ತದೆ, ಅದು ಬೇರೆ. ಅಳತೆಯ ಸರಪಳಿ 33 ಅಡಿ, ಅದರ ಹದಿನಾರನೇ ಒಂದು ಪಾಲು ಆಣೆ, ಅಂದರೆ ಎರಡಡಿಗಿಂತ ತುಸು ಹೆಚ್ಚು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ 1089 ಚದರ ಅಡಿ. ಅದೇ ನಮ್ಮ ಗುಂಟೆ.

ಹೆಕ್ಟೇರ್ ಎಂದರೆ ಎರಡೂವರೆ ಎಕರೆ ಎಂದು ಬಾಯಲ್ಲಿ ಹೇಳುವುದುಂಟು. ವರದಿಯಲ್ಲಿ ಬರೆಯಬೇಕಾದದ್ದು 2.471. ಹತ್ತು ಹೆಕ್ಟೇರಿಗೆ ಹನ್ನೊಂದೂವರೆ ಗುಂಟೆಯ ವ್ಯತ್ಯಾಸ ಅಲ್ಲೇ ಬಿದ್ದಿರುತ್ತದೆ.

ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಬಿಡುತ್ತದೆ. ಗಣಕದ ದಿನಾಂಕ ಅಮೆರಿಕದ ಕ್ರಮದಲ್ಲಿದ್ದರೆ ಡಿಸೆಂಬರ್ 3. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾದರಿಗೆ ಬದಲಿಸಿ, ಇಲ್ಲವೇ ಅಂಕಿಯ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿ. ಒಮ್ಮೆ ದಿನಾಂಕವಾದ ಮೇಲೆ ಟೆಕ್ಸ್ಟ್‌ಗೆ ಬದಲಿಸಿದರೆ ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆಯೇ ಹೊರತು ಹಿಸ್ಸೆ ಮರಳಿ ಬಾರದು. ವಂಶವಾಹಿ ವಿಜ್ಞಾನಿಗಳಿಗೂ ಇದೇ ಕಾಟ. ಎಕ್ಸೆಲ್ ಕೆಲವು ಮಾನವ ಜೀನ್‌ಗಳ ಹೆಸರನ್ನು ದಿನಾಂಕ ಮಾಡುತ್ತಿತ್ತೆಂದು 2020ರಲ್ಲಿ ಆ ಹೆಸರುಗಳನ್ನೇ ಬದಲಿಸಿದ ಸುದ್ದಿ ಹೊರಬಂತು.

ಗ್ರಾಮ ನಕಾಶೆಯಲ್ಲಿ ಗಡಿಯ ಗೆರೆ ಎಷ್ಟು ಅಗಲ? ನಮ್ಮ ಹಳೆಯ ನಕಾಶೆಗಳ ಅಳತೆ 1:7920, ಅಂದರೆ ಮೈಲಿಗೆ ಎಂಟು ಅಂಗುಲ. ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ನೆಲದ ಮೇಲೆ ಸುಮಾರು 13 ಅಡಿ ಆಗುತ್ತದೆ. ಆ ಕಾಗದವನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಎಷ್ಟೇ ಹಿಗ್ಗಿಸಿದರೂ 13 ಅಡಿ 3 ಅಡಿಯಾಗದು. ಗೆರೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಬದುವಿನ ತಕರಾರಿದ್ದಲ್ಲಿ ಮೌಲ್ಯಮಾಪಕ ತನ್ನ ಪರದೆಯನ್ನು ತೋರಿಸಿ ಮಾತಾಡಲೇಬಾರದು. ಅಲ್ಲಿ ಮಾತಾಡಬೇಕಾದದ್ದು ಹದ್ದುಬಸ್ತು ಅಳತೆ ಮತ್ತು ಬಾಂದು ಕಲ್ಲು.

ದಿಶಾಂಕ್ ಆ್ಯಪ್‌ಗೂ ಇದೇ ಮಾತು ಸಲ್ಲುತ್ತದೆ. ನಿಂತ ಜಾಗದ ಸರ್ವೆ ನಂಬರ್ ಹೇಳುವ ಈ ಆ್ಯಪ್ ನಮ್ಮ ಕೆಲಸವನ್ನು ಬಹಳ ಹಗುರ ಮಾಡಿದೆ. ಅಪರಿಚಿತ ಊರಿನಲ್ಲಿ ಬೇರೆ ಯಾರದೋ ಜಮೀನು ನೋಡಿ ಬರುವ ಅಪಾಯ ತಪ್ಪಿದೆ. ಆದರೆ ಗಡಿಯ ಅಂಚಿನಲ್ಲಿ ನಿಂತು ಕೇಳಿದರೆ ಪಕ್ಕದ ನಂಬರ್ ಹೇಳೀತು. ಹೊಲದ ನಡುವೆ ನಿಂತು ಕೇಳಿ.

ಈಗ ಈ ಅಂಕಣದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಸಂಗತಿ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ 2002ರಿಂದ ಬೆಳೆದು ಬಂದಿದೆ, ಇಂದು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಗೂಗಲ್ಲಿನದೋ ಓಪನ್ ಸ್ಟ್ರೀಟ್ ಮ್ಯಾಪಿನದೋ ಚಿತ್ರವನ್ನು ಹಿನ್ನೆಲೆಗೆ ಹಾಕಿಕೊಂಡು ಹೊಲದ ಸುತ್ತ ಗೆರೆ ಎಳೆಯುತ್ತೀರಿ. ಆ ಹಿನ್ನೆಲೆ ನಕ್ಷೆಗಳು ಬರುವುದು ವೆಬ್ ಮರ್ಕೇಟರ್ ಎಂಬ ಪ್ರಕ್ಷೇಪದಲ್ಲಿ. ಸಮಭಾಜಕದಿಂದ ದೂರ ಹೋದಷ್ಟೂ ಅದು ನೆಲವನ್ನು ಹಿಗ್ಗಿಸುತ್ತದೆ. ಆ ಹಾಳೆಯ ಮೇಲೇ ವಿಸ್ತೀರ್ಣ ಲೆಕ್ಕ ಹಾಕಿಸಿದರೆ ಬೆಂಗಳೂರಿನ ಬಳಿ ಸುಮಾರು ಶೇ. 6, ಬೀದರಿನಲ್ಲಿ ಸುಮಾರು ಶೇ. 11 ಹೆಚ್ಚು ಬರುತ್ತದೆ. ಬೀದರಿನ ಹತ್ತು ಎಕರೆ ಹನ್ನೊಂದು ದಾಟುತ್ತದೆ! ಪಹಣಿಗೂ ಪರದೆಗೂ ತಾಳೆಯಾಗದೆ ‘ಒತ್ತುವರಿ ಇರಬಹುದು’ ಎಂದು ಬರೆದುಬಿಟ್ಟರೆ ಏನೂ ಅರಿಯದ ರೈತನ ಮೇಲೆ ಅನುಮಾನದ ಮಸಿ.

ತಪ್ಪಿಸುವ ದಾರಿ ಸುಲಭ. ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರ್ ಪಟ್ಟಿಯಲ್ಲಿ $ ಚಿಹ್ನೆಯೊಡನೆ ಆರಂಭವಾಗುವ ಏರಿಯಾ ಸೂತ್ರವನ್ನೇ ಆರಿಸಿಕೊಳ್ಳಿ. ಯೋಜನೆಯ ಸೆಟ್ಟಿಂಗಿನಲ್ಲಿ ದೀರ್ಘವೃತ್ತಜದ ಹೆಸರು ಡಬ್ಲ್ಯುಜಿಎಸ್ 84 ಎಂದಿರಲಿ. ಆಗ ಅದು ಭೂಮಿಯ ಡೊಂಕನ್ನು ಗಣನೆಗೆ ತೆಗೆದುಕೊಂಡು ಲೆಕ್ಕ ಹಾಕುತ್ತದೆ. ಚಿಹ್ನೆಯಿಲ್ಲದ ಏರಿಯಾ ಸೂತ್ರ ಹಾಳೆಯನ್ನು ಚಪ್ಪಟೆಯಾಗಿ ಅಳೆಯುತ್ತದೆ. ಬಂದ ಚದರ ಮೀಟರನ್ನು 101.17ರಿಂದ ಭಾಗಿಸಿದರೆ ಗುಂಟೆ ಸಿಕ್ಕಿತು.

ಕೋಲಾರದವರು ಇನ್ನೊಂದು ಗಮನಿಸಬೇಕು. ಮೀಟರ್ ಲೆಕ್ಕದ ನಕ್ಷೆಗಳಿಗೆ ಬಳಸುವ ಯುಟಿಎಂ ವಲಯಗಳಲ್ಲಿ ಕರ್ನಾಟಕದ ಬಹುಪಾಲು 43ನೆಯದಕ್ಕೆ ಸೇರುತ್ತದೆ, ಕ್ಯೂಜಿಐಎಸ್‌ನಲ್ಲಿ ಅದರ ಸಂಖ್ಯೆ 32643. ಆದರೆ ವಲಯದ ಗಡಿ ಪೂರ್ವ ರೇಖಾಂಶ 78 ಡಿಗ್ರಿ. ಮಾಲೂರು ಗಡಿಯ ಈಚೆ ಉಳಿದರೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಚಿಂತಾಮಣಿ ಪಟ್ಟಣಗಳು ಆಚೆಗೆ, 44ನೆಯ ವಲಯಕ್ಕೆ, 32644ಕ್ಕೆ ಸೇರುತ್ತವೆ. ಮುಳಬಾಗಿಲಿನ ಹೊಲವನ್ನು 43ರಲ್ಲೇ ಅಳೆದರೂ ಹತ್ತು ಎಕರೆಗೆ ಸುಮಾರು ಒಂದು ಗುಂಟೆ ಮಾತ್ರ ವ್ಯತ್ಯಾಸ, ಅದು ಅಷ್ಟು ಅಪಾಯದ್ದಲ್ಲ. ಸರ್ವೆಯರ್ ಕೊಟ್ಟ 44ರ ಅಂಕಿಗಳನ್ನು 43 ಎಂದು ತಿಳಿದು ಪರದೆಗೆ ಹಾಕಿದರೆ ಮಾತ್ರ ಹೊಲ ನೂರಾರು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ.

ಹಳೆಯ ಟೋಪೋ ಹಾಳೆಗಳು ಜಾರ್ಜ್ ಎವರೆಸ್ಟರ 1830ರ ಲೆಕ್ಕವನ್ನು ಆಧರಿಸಿದವು. ಅವುಗಳ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಜಿಪಿಎಸ್‌ಗೆ ಕೊಟ್ಟರೆ ನಮ್ಮ ಭಾಗದಲ್ಲಿ ನೂರಾರು ಅಡಿ ಪಕ್ಕಕ್ಕೆ ಸರಿಯುತ್ತವೆ. ಪರಿವರ್ತಿಸಿಕೊಂಡೇ ಬಳಸಿ.

ಮಲೆನಾಡಿನ ಇಳಿಜಾರು: ನಕ್ಷೆಯ ವಿಸ್ತೀರ್ಣ ಯಾವಾಗಲೂ ಸಮತಲದ್ದು. ನೂರಡಿಗೆ ಮೂವತ್ತಡಿ ಏರುವ ತೋಟದಲ್ಲಿ ನೆಲಕ್ಕೆ ತಾಗಿಸಿ ಟೇಪು ಎಳೆದರೆ ಹತ್ತು ಎಕರೆಗೆ ಹದಿನೇಳೂವರೆ ಗುಂಟೆ ಹೆಚ್ಚು ಕಾಣುತ್ತದೆ. ಅದು ಪಹಣಿಯ ತಪ್ಪಲ್ಲ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಒಂದು ಚಿತ್ರಬಿಂದು ಸರಿಸುಮಾರು ನಮ್ಮ ಒಂದು ಗುಂಟೆ! ಬಿಂದುವಿನ ಅಳತೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಗುಂಟೆಯೂ ಹತ್ತು ಮೀಟರ್ ಚದರವೇ. ಎಕರೆಗೆ ಸುಮಾರು ನಲವತ್ತು ಬಿಂದು. ಮೊದಲ ಉಪಗ್ರಹ ಹಾರಿದ್ದು 2015ರ ಜೂನ್‌ನಲ್ಲಿ. ಎರಡನೆಯದೂ ಸೇರಿದ ಮೇಲೆ ಐದು ದಿನಕ್ಕೊಮ್ಮೆ ಹೊಸ ಚಿತ್ರ ಸಿಗುವಂತಾಯಿತು. ಕೊಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಹಣವಿಲ್ಲದೆ ನೋಡಬಹುದು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಆದ್ದರಿಂದ ಏಪ್ರಿಲ್ ತಿಂಗಳನ್ನು ಆರಿಸಿ, ಫಾಲ್ಸ್ ಕಲರ್ ಬಣ್ಣಕ್ಕೆ ಬದಲಿಸಿ. ಹಸಿರು ಬೆಳೆ ಕೆಂಪಾಗಿ ಎದ್ದು ಕಾಣುತ್ತದೆ. ಪಹಣಿಯಲ್ಲಿ ಖುಷ್ಕಿ ಎಂದಿದ್ದರೂ ಮೂರು ನಾಲ್ಕು ಬೇಸಿಗೆ ಸತತವಾಗಿ ಕೆಂಪು ಕಂಡರೆ ಅಲ್ಲಿ ನೀರಿದೆ ಎಂದರ್ಥ. ಕೊಳವೆಬಾವಿ ಎಲ್ಲಿ ಎಂದು ಕೇಳಿ. ಬಾಗಾಯ್ತು ಎಂದಿದ್ದೂ ಪ್ರತಿ ಏಪ್ರಿಲ್ ಬರಡಾಗಿ ಕಂಡರೆ ಕೊಳವೆಬಾವಿ ಬತ್ತಿತೇ ಎಂದು ಕೇಳಬೇಕು. ಬಯಲುಸೀಮೆಯಲ್ಲಿ ಜಮೀನಿನ ಬೆಲೆಯನ್ನು ಕಟ್ಟುವುದು ಮಣ್ಣಿಗಿಂತ ಹೆಚ್ಚಾಗಿ ನೀರೇ.

ಗೂಗಲ್ ಅರ್ತ್ ಪ್ರೊಗೆ 2015ರ ಆರಂಭದವರೆಗೂ ವರ್ಷಕ್ಕೆ 399 ಡಾಲರ್ ಕೊಡಬೇಕಿತ್ತು, ಈಗ ಉಚಿತ. ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಗುರುತು ಒತ್ತಿದರೆ ಹಿಂದಿನ ವರ್ಷಗಳ ಚಿತ್ರಗಳು ತೆರೆದುಕೊಳ್ಳುತ್ತವೆ. ಅಡಿಕೆ ತೋಟದ ಬೆಲೆ ನಿಂತಿರುವುದು ಗಿಡದ ವಯಸ್ಸಿನ ಮೇಲೆ. ಸಾಲುಗಳು ಮೊದಲು ಕಾಣಿಸಿಕೊಂಡ ಚಿತ್ರದ ದಿನಾಂಕ ಬರೆದಿಟ್ಟುಕೊಂಡರೆ ಮಾಲೀಕರ ಮಾತಿಗೆ ಆಧಾರ ಸಿಕ್ಕಿತು. ಮಳೆ ಮುಗಿದ ಕೂಡಲೇ ತೆಗೆದ ಚಿತ್ರವಿದ್ದರೆ ಬಿಡಬೇಡಿ: ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಹಳ್ಳ ಎಲ್ಲಿ ಹರಿದಿತ್ತು ಎಂಬುದನ್ನು ಬೇಸಿಗೆಯ ಸ್ಥಳಪರಿಶೀಲನೆ ತೋರಿಸದು. ಪರದೆಯ ಕೆಳಗೆ ಚಿತ್ರದ ದಿನಾಂಕ ಇರುತ್ತದೆ, ವರದಿಗೆ ಅಂಟಿಸುವಾಗ ಅದನ್ನು ಕತ್ತರಿಸಿ ಹಾಕಬಾರದು.

ಫೋನಿನ ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸಿಗ್ನಲ್ ಇಲ್ಲದ ಕಾಡಂಚಿನಲ್ಲೂ ಅದು ಉಪಗ್ರಹದಿಂದಲೇ ಜಾಗ ಗುರುತಿಸುತ್ತದೆ, ತುಸು ಹೊತ್ತು ಹೆಚ್ಚು ಹಿಡಿದೀತು. ಹಿನ್ನೆಲೆ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ.

ಆದರೆ ಬಯಲಿನಲ್ಲೂ ಫೋನಿನ ನಿಖರತೆ ಐದು ಮೀಟರಿನ ಆಸುಪಾಸು. ಐದಾರು ಎಕರೆಯ ಹೊಲ ಸುತ್ತಿ ಬಂದು ಪಹಣಿಯೊಡನೆ ಹೋಲಿಸಲು ಸಾಕು. ಮೂರು ಗುಂಟೆಯ ನಿವೇಶನಕ್ಕೆ ಬೇಡ. ಫೋನು ಅಕ್ಷಾಂಶಕ್ಕೆ ದಶಮಾಂಶದ ಎಂಟು ಅಂಕಿ ತೋರಿಸಿದರೂ ಐದನೆಯದೇ ಒಂದು ಮೀಟರ್. ಉಳಿದವು ಬರೀ ಅಲಂಕಾರ.

2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಒಂದು ಸರಾಸರಿ ಕೇಳುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ಹತ್ತಿರದ ಹಳ್ಳಿಯಲ್ಲಿ ಅದೇ ಬಗೆಯ ಜಮೀನಿಗೆ ನೋಂದಣಿಯಾದ ಕ್ರಯಪತ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ. ಎಲ್ಲ ಪತ್ರಗಳ ಸರಾಸರಿ ಹಾಕಿದರೆ ರೈತನಿಗೆ ನೇರವಾಗಿ ನಷ್ಟ, ಪರಿಹಾರದ ಮುಂದಿನ ಲೆಕ್ಕವೆಲ್ಲ ಈ ಬುನಾದಿಯ ಮೇಲೆಯೇ ನಡೆಯುವುದರಿಂದ ಆ ನಷ್ಟ ಮುಂದೆ ಬೆಳೆಯುತ್ತದೆ. ಎಕ್ಸೆಲ್‌ನಲ್ಲಿ ಆವರೇಜ್‌ಇಫ್ ಸೂತ್ರಕ್ಕೆ ‘ಮೀಡಿಯನ್‌ಗೆ ಸಮ ಅಥವಾ ಹೆಚ್ಚು’ ಎಂಬ ಷರತ್ತು ಕೊಟ್ಟರೆ ಮೇಲಿನ ಅರ್ಧ ತಾನಾಗಿ ಆಯ್ದು ಬರುತ್ತದೆ. ಅದಕ್ಕೂ ಮೊದಲು ಪ್ರತಿ ಕ್ರಯವನ್ನೂ ಗುಂಟೆಯ ದರಕ್ಕೆ ಇಳಿಸಿಕೊಂಡಿರಬೇಕು. ಇಲ್ಲವಾದರೆ ಹತ್ತು ಎಕರೆಯ ಅಗ್ಗದ ಕ್ರಯ ದೊಡ್ಡ ಮೊತ್ತದ ಕಾರಣಕ್ಕೆ ಮೇಲಿನ ಸಾಲಿಗೆ ಬಂದು ಕೂತೀತು. ಪತ್ರಗಳ ಸಂಖ್ಯೆ ಬೆಸವಾದರೆ ನಡುವಿನದೂ ಸೇರಿಕೊಳ್ಳುತ್ತದೆ, ಹಾಗೆ ಸೇರಿಸಿದ್ದೇವೆ ಎಂದು ವರದಿಯಲ್ಲಿ ಬರೆಯಿರಿ.

ಬಿ ಖರಾಬು ಸರ್ಕಾರದ್ದು, ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಗುಣಾಕಾರಕ್ಕೆ ಮೊದಲೇ ಕಳೆಯಲು ಹಾಳೆಯಲ್ಲಿ ಅದಕ್ಕೊಂದು ಕಾಲಮ್ ಇರಲಿ.

‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ರೈತನ ಹೆಸರನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸಾಧ್ಯ.

ಹೊಲದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಅದರೊಳಗೆ ಅಡಗಿದ್ದ ಸ್ಥಳದ ಗುರುತು ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಎರಡೂ ಉಳಿಯುತ್ತವೆ. ಫೋಟೊ ತೆಗೆಯುವ ಮೊದಲು ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಚಾಲೂ ಇದೆಯೇ ಎಂದು ನೋಡಿಕೊಳ್ಳಿ.

ಮನೆ ನಂಬರಿಲ್ಲದ ತೋಟದ ವಿಳಾಸ ಬರೆಯಲು ಈಗ ಅಂಚೆ ಇಲಾಖೆಯ ಡಿಜಿಪಿನ್ ಇದೆ. 2025ರಲ್ಲಿ ಬಂದ ಈ ಹತ್ತಕ್ಷರದ ಸಂಕೇತ ಸುಮಾರು ನಾಲ್ಕು ಮೀಟರ್ ಚದರದ ಜಾಗವನ್ನು ಗುರುತಿಸುತ್ತದೆ. ಗೇಟಿನದೊಂದು, ಕೊಳವೆಬಾವಿಯದೊಂದು ಬರೆದುಕೊಳ್ಳಿ. ಮುಂದಿನ ಸಲ ಬರುವ ಅಧಿಕಾರಿ ಯಾರೇ ಆದರೂ ನೇರವಾಗಿ ಅಲ್ಲಿಗೇ ಬಂದು ನಿಲ್ಲಬಹುದು.