ಕಾರಿನ ಪಂಪೂ ಬಾವಿಯ ಫುಟ್‌ವಾಲ್ವೂ



ಬಾವಿಗೆ ಮೋಟಾರು ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತು. ಅದು ಸೋರಿದರೆ ಪೈಪಿನಲ್ಲಿ ನಿಂತ ನೀರು ರಾತ್ರಿಯೇ ಬಾವಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಅದಕ್ಕೆಂದು ಯಾರೂ ಮೋಟಾರನ್ನೇ ಬದಲಿಸುವುದಿಲ್ಲ, ಅಲ್ಲವೇ?

ತೊರಪಲ್ಲಿ ಅಗ್ರಹಾರದಿಂದ ಹೊಸೂರಿಗೆ ಹೋಗಿ, ಹತ್ತು ನಿಮಿಷ ನಿಲ್ಲಿಸಿದ ಪೆಟ್ರೋಲ್ ಕಾರು ಮತ್ತೆ ಬೇಗ ಸ್ಟಾರ್ಟ್ ಆಗದಿದ್ದರೆ, "ಪಂಪ್ ಹೋಯಿತು, ಹೊಸದು ಹಾಕೋಣ" ಎನ್ನುವವರುಂಟು. ನಡುರಾತ್ರಿ ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಇದೇ ಕಾರು ಕೈಕೊಟ್ಟರೆ ಗತಿಯೇನು? ಆದ್ದರಿಂದ ರೋಗ ಯಾವುದೆಂದು ಮೊದಲೇ ಅಳೆದು ನೋಡಬೇಕು.

2000ನೇ ಇಸವಿಯ ಸುಮಾರಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂದ ಮೇಲೆ, ಟ್ಯಾಂಕಿನೊಳಗಿನ ವಿದ್ಯುತ್ ಪಂಪೇ ಪೆಟ್ರೋಲನ್ನು ಒತ್ತಿ ಕಳಿಸುತ್ತದೆ. ಹಲವು ಕಾರುಗಳಲ್ಲಿ ಒತ್ತಡ ಸುಮಾರು 3 ಬಾರ್. ನಿಮ್ಮ ಕಾರಿನ ಸರಿಯಾದ ಅಂಕಿಯನ್ನು ಅದರ ರಿಪೇರಿ ಕೈಪಿಡಿಯಲ್ಲಿ ನೋಡಬೇಕು. ಕಾರು ನಿಂತ ಮೇಲೂ ಈ ಒತ್ತಡ ಕೆಲಕಾಲ ಉಳಿಯಬೇಕು. ಇಳಿದುಹೋದರೆ ಎಂಜಿನ್ನಿನ ಕಾವಿಗೆ ಪೈಪಿನ ಪೆಟ್ರೋಲ್ ಆವಿಯಾಗಿ, ಸ್ಟಾರ್ಟ್ ಮಾಡಲು ತಡವಾಗುತ್ತದೆ.

ಪರೀಕ್ಷೆ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಎಂಜಿನ್ ತಣ್ಣಗಿರಬೇಕು, ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿದ ಮೇಲೆಯೇ ಪೈಪ್ ಬಿಚ್ಚಿ ಗೇಜ್ ಜೋಡಿಸಬೇಕು. ಫ್ಯೂಸ್ ಮತ್ತೆ ಹಾಕಿ, ಎಂಜಿನ್ ಓಡಿಸಿ ಅಂಕಿ ನೋಡಿ. ನಿಲ್ಲಿಸಿ ಹತ್ತು ನಿಮಿಷ ಕಾದು ಮತ್ತೆ ನೋಡಿ.

ಓಡುವಾಗಲೇ ಅಂಕಿ ಕಡಿಮೆಯಿದ್ದರೆ ಫಿಲ್ಟರ್ ಕಟ್ಟಿರಬಹುದು, ವೈರಿನಲ್ಲಿ ಕರೆಂಟು ಸಾಲದಿರಬಹುದು, ಇಲ್ಲವೇ ಪಂಪ್ ಬಲಗುಂದಿರಬಹುದು. ಓಡುವಾಗ ಸರಿಯಿದ್ದು, ನಿಂತೊಡನೆ ಮುಳ್ಳು ಸರ್ರನೆ ಇಳಿದರೆ ಅದು ಫುಟ್‌ವಾಲ್ವಿನ ಕಥೆ: ಪಂಪಿನೊಳಗಿನ ಚೆಕ್‌ವಾಲ್ವ್, ಒತ್ತಡದ ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರುತ್ತಿದೆ. ಟ್ಯಾಂಕಿನಿಂದ ಬರುವ ರಬ್ಬರ್ ಹೋಸನ್ನು ಗೇಜಿಗಿಂತ ಹಿಂದೆ ಹಿಡಿದು ಮುಚ್ಚಿದಾಗ ಮುಳ್ಳು ನಿಂತರೆ ತೊಂದರೆ ಟ್ಯಾಂಕಿನ ಕಡೆ; ಆಗಲೂ ಇಳಿದರೆ ಎಂಜಿನ್ ಕಡೆ. ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಮಾತ್ರ ಹೀಗೆ ಅದುಮಬಾರದು, ಸೀಳುತ್ತದೆ.

ಇನ್ನೊಂದು ಮಾತು. ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು.

ಪಂಪ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ, "ಮೊದಲು ಗೇಜ್ ಹಾಕಿ ತೋರಿಸಿ" ಎನ್ನಿ. ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಕೇಳಿ, ಗೇಜಿನ ಮುಳ್ಳು ತೋರಿಸುವುದು ಒಂದೇ ಅಂಕಿ.