ಗಾಲಿಕುರ್ಚಿ ಟೆನಿಸ್

ಗಾಲಿಕುರ್ಚಿ ಟೆನಿಸ್ ಅಥವಾ ವೀಲ್‌ಚೇರ್ ಟೆನಿಸ್ ಎಂಬುದು ಕಾಲುಗಳ ಚಲನೆಯಲ್ಲಿ ಶಾಶ್ವತ ನ್ಯೂನತೆಯುಳ್ಳವರು ಗಾಲಿಕುರ್ಚಿಯಲ್ಲಿ ಕುಳಿತು ಆಡುವ ಟೆನಿಸ್ ಪ್ರಕಾರ. ಅಂಗಣದ ಅಳತೆ, ನೆಟ್‌ನ ಎತ್ತರ, ಚೆಂಡು, ಅಂಕಗಳ ಲೆಕ್ಕ ಎಲ್ಲವೂ ಸಾಮಾನ್ಯ ಟೆನಿಸ್‌ನವೇ. ನಿಯಮದಲ್ಲಿರುವ ಮುಖ್ಯ ವ್ಯತ್ಯಾಸ ಒಂದು ಮಾತ್ರ: ಚೆಂಡು ಎರಡು ಬಾರಿ ಪುಟಿದ ನಂತರವೂ, ಮೂರನೆಯ ಬಾರಿ ನೆಲ ಮುಟ್ಟುವ ಮೊದಲು, ಅದನ್ನು ಹಿಂದಿರುಗಿಸಬಹುದು. ಕರ್ನಾಟಕದಲ್ಲಿ ಈ ಆಟ ಮುಖ್ಯವಾಗಿ ಬೆಂಗಳೂರಿನಲ್ಲಿ ಬೆಳೆದಿದೆ.

ಆಟದ ಕ್ರಮ

ಮೊದಲ ಪುಟಿತ ಗೆರೆಗಳ ಒಳಗೇ ಬೀಳಬೇಕು; ಎರಡನೆಯದು ಅಂಗಣದ ಹೊರಗೆ ಬಿದ್ದರೂ ಅಡ್ಡಿಯಿಲ್ಲ. ಇದನ್ನು ಕೇವಲ ರಿಯಾಯಿತಿ ಎಂದು ಭಾವಿಸುವವರುಂಟು, ಆದರೆ ಕಾರಣ ಇರುವುದು ಗಾಲಿಯ ಸ್ವಭಾವದಲ್ಲಿ. ನಿಂತು ಆಡುವವರು ಪಕ್ಕಕ್ಕೆ ಹೆಜ್ಜೆಯಿಟ್ಟು ಚೆಂಡನ್ನು ತಲುಪುತ್ತಾರೆ. ಗಾಲಿಕುರ್ಚಿ ಪಕ್ಕಕ್ಕೆ ಸರಿಯಲಾರದು. ಮೊದಲು ತಿರುಗಬೇಕು, ಅನಂತರ ಉರುಳಬೇಕು. ಇದಲ್ಲದೆ ರ‍್ಯಾಕೆಟ್ ಹಿಡಿದ ಕೈಯಿಂದಲೇ ಗಾಲಿಯ ಬಳೆಯನ್ನೂ ತಳ್ಳಬೇಕಾಗುತ್ತದೆ. ಆದ್ದರಿಂದ ನುರಿತ ಆಟಗಾರರು ಹೊಡೆತದ ನಂತರ ಕುರ್ಚಿಯನ್ನು ನಿಲ್ಲಿಸುವುದೇ ಇಲ್ಲ. ನಿಂತ ಕುರ್ಚಿಯನ್ನು ಮತ್ತೆ ಹೊರಡಿಸಲು ತಗಲುವ ಕ್ಷಣಾರ್ಧದಲ್ಲಿ ಅಂಕ ಕೈತಪ್ಪಬಹುದು. ಉನ್ನತ ಮಟ್ಟದ ಪಂದ್ಯಗಳಲ್ಲಿ ಎಷ್ಟೋ ಚೆಂಡುಗಳನ್ನು ಮೊದಲ ಪುಟಿತಕ್ಕೇ ಹೊಡೆಯಲಾಗುತ್ತದೆ.

ಕುರ್ಚಿಯನ್ನು ಆಟಗಾರನ ದೇಹದ ಭಾಗವೆಂದೇ ಪರಿಗಣಿಸಲಾಗುತ್ತದೆ. ಆಟ ನಡೆಯುತ್ತಿರುವಾಗ ಚೆಂಡು ಕುರ್ಚಿಗೆ ತಗಲಿದರೆ ಅಂಕ ಎದುರಾಳಿಗೆ ಸಲ್ಲುತ್ತದೆ. ಸರ್ವ್ ಮಾಡುವ ಮುನ್ನ ಕುರ್ಚಿ ನಿಶ್ಚಲವಾಗಿರಬೇಕು; ಆಮೇಲೆ ಒಂದು ಸಲ ಮಾತ್ರ ತಳ್ಳಿಕೊಂಡು ಚೆಂಡನ್ನು ಹೊಡೆಯಬಹುದು. ಚೆಂಡನ್ನು ಹೊಡೆಯುವಾಗ ಸೀಟಿನಿಂದ ಪೂರ್ತಿಯಾಗಿ ಮೇಲೇಳುವಂತಿಲ್ಲ, ಕಾಲನ್ನು ನೆಲಕ್ಕೆ ಊರಿ ಆಸರೆ ಪಡೆಯುವಂತಿಲ್ಲ.

ಕೈಗಳಲ್ಲಿಯೂ ಶಕ್ತಿ ಕುಂದಿರುವವರಿಗಾಗಿ ‘ಕ್ವಾಡ್’ ಎಂಬ ಪ್ರತ್ಯೇಕ ವಿಭಾಗವಿದೆ. ಹಿಡಿತ ಸಾಲದವರು ರ‍್ಯಾಕೆಟ್ಟನ್ನು ಪಟ್ಟಿಯಿಂದ ಕೈಗೆ ಬಿಗಿದುಕೊಳ್ಳಬಹುದು. ಅಗತ್ಯವಿದ್ದವರಿಗೆ ವಿದ್ಯುತ್ ಚಾಲಿತ ಕುರ್ಚಿ ಬಳಸಲೂ ಅವಕಾಶವುಂಟು.

ಗಾಲಿಕುರ್ಚಿಯವರು ಮತ್ತು ನಿಂತು ಆಡುವವರು ಒಂದೇ ಅಂಗಣದಲ್ಲಿ ಆಡಬಹುದೆಂಬುದು ಈ ಕ್ರೀಡೆಯ ವಿಶೇಷ. ಅಂತಹ ಪಂದ್ಯದಲ್ಲಿ ಒಬ್ಬರಿಗೆ ಎರಡು ಪುಟಿತ, ಮತ್ತೊಬ್ಬರಿಗೆ ಒಂದು. ಉಳಿದ ಏರ್ಪಾಡು ಹೆಚ್ಚೇನೂ ಬೇಕಿಲ್ಲ.

ಇತಿಹಾಸ

ಹಿಮಜಾರಾಟದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಅಮೆರಿಕದ ಬ್ರಾಡ್ ಪಾರ್ಕ್ಸ್ 1976ರಲ್ಲಿ ಈ ಆಟಕ್ಕೆ ರೂಪ ಕೊಟ್ಟರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನ ಕ್ರೀಡೆಯಾಗಿತ್ತು. 1992ರ ಬಾರ್ಸಿಲೋನಾ ಕೂಟದಲ್ಲಿ ಪದಕದ ಕ್ರೀಡೆಯಾಯಿತು. ಕ್ವಾಡ್ ವಿಭಾಗ 2004ರಲ್ಲಿ ಅಥೆನ್ಸ್‌ನಲ್ಲಿ ಸೇರಿತು. 1998ರಿಂದ ಆಟದ ಆಡಳಿತ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಕೈಯಲ್ಲಿದೆ.

ಕರ್ನಾಟಕದಲ್ಲಿ

ಭಾರತದಲ್ಲಿ ಈ ಆಟದ ಮೊದಲಿಗರಲ್ಲಿ ಬೆಂಗಳೂರಿನ ಬೋನಿಫೇಸ್ ಪ್ರಭು ಪ್ರಮುಖರು. 1972ರಲ್ಲಿ ಜನಿಸಿದ ಅವರು ನಾಲ್ಕನೆಯ ವಯಸ್ಸಿನಲ್ಲಿ, ಬೆನ್ನುಹುರಿಯ ದ್ರವ ತೆಗೆಯುವ ವೇಳೆ ಆದ ಎಡವಟ್ಟಿನಿಂದ ಕೈಕಾಲುಗಳ ಸ್ವಾಧೀನ ಕಳೆದುಕೊಂಡರು. ಕ್ವಾಡ್ ವಿಭಾಗದಲ್ಲಿ ಅಂತರರಾಷ್ಟ್ರೀಯ ಟೂರ್ನಿಗಳನ್ನಾಡಿದ ಅವರು ಮುಂದೆ ಬೆಂಗಳೂರಿನಲ್ಲಿ ಗಾಲಿಕುರ್ಚಿ ಟೆನಿಸ್ ಅಕಾಡೆಮಿಯನ್ನೂ ಸ್ಥಾಪಿಸಿದರು. 2014ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಣಗಳಲ್ಲಿ ‘ಟಬೆಬೂಯಾ ಓಪನ್’ ಎಂಬ ಗಾಲಿಕುರ್ಚಿ ಟೆನಿಸ್ ಟೂರ್ನಿ ನಡೆದಿದೆ. ಬೇಸಿಗೆ ಕಾಲಿಡುವ ಹೊತ್ತಿಗೆ ಬೆಂಗಳೂರಿನ ರಸ್ತೆಗಳನ್ನು ಗುಲಾಬಿ, ಹಳದಿ ಬಣ್ಣದಲ್ಲಿ ಮುಳುಗಿಸುವ ಮರದ ಹೆಸರೇ ಈ ಟೂರ್ನಿಯದು. ರಾಜ್ಯದ ಶೇಖರ್ ವೀರಸ್ವಾಮಿ ಮತ್ತು ಪ್ರತಿಮಾ ರಾವ್ ರಾಷ್ಟ್ರೀಯ ಮಟ್ಟದಲ್ಲಿ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದಿದ್ದಾರೆ.

ಕುರ್ಚಿ, ಅಂಗಣ, ಪ್ರಯಾಣ

ನಿಯಮ ಇಷ್ಟು ಸರಳವಾಗಿದ್ದರೂ ಆಟ ಜಿಲ್ಲೆಗಳಿಗೆ ಸುಲಭವಾಗಿ ಹರಡುವುದಿಲ್ಲ. ಮೊದಲ ತೊಡಕು ಕುರ್ಚಿ. ಕ್ರೀಡಾ ಕುರ್ಚಿಯ ದೊಡ್ಡ ಗಾಲಿಗಳು ಕೆಳಭಾಗದಲ್ಲಿ ಹೊರಚಾಚಿ ಓರೆಯಾಗಿರುತ್ತವೆ. ರಭಸವಾಗಿ ತಿರುಗುವಾಗ ಕುರ್ಚಿ ಮಗುಚದಿರಲು ಈ ಓರೆ ಬೇಕು. ಹಿಂದಕ್ಕೆ ಉರುಳದಂತೆ ಬೆನ್ನ ಕಡೆ ಒಂದು ಪುಟ್ಟ ಚಕ್ರವೂ ಇರುತ್ತದೆ. ಇದನ್ನು ಆಟಗಾರರ ಮೈಯಳತೆಗೆ ತಕ್ಕಂತೆ ಮಾಡಿಸಬೇಕು. ಆಸ್ಪತ್ರೆಯಲ್ಲಿ ಕಾಣುವ ಮಡಚುವ ಕುರ್ಚಿಯಲ್ಲಿ ಆಟ ಕಲಿಯಲು ತೊಡಗಬಹುದಾದರೂ ಸ್ಪರ್ಧೆಗೆ ಅದು ಸಾಲದು.

ಎರಡನೆಯದು ಪ್ರಯಾಣ. ಶಿವಮೊಗ್ಗದ ರಾಗಿಗುಡ್ಡದಂತಹ ಬಡಾವಣೆಯಿಂದ ಕಬ್ಬನ್ ಪಾರ್ಕಿಗೆ ಸುಮಾರು 300 ಕಿಲೋಮೀಟರ್. ಕ್ರೀಡಾ ಕುರ್ಚಿಯ ಚೌಕಟ್ಟು ಸಾಮಾನ್ಯವಾಗಿ ಮಡಚಲು ಬರುವುದಿಲ್ಲ, ಗಾಲಿಗಳನ್ನು ಮಾತ್ರ ಕಳಚಬಹುದು. ದಿನಬಳಕೆಯ ಕುರ್ಚಿ ಬೇರೆ. ಎತ್ತರದ ಮೆಟ್ಟಿಲುಗಳ ಬಸ್ಸಿಗೆ ಎರಡು ಕುರ್ಚಿಗಳನ್ನೂ ಆಟಗಾರನನ್ನೂ ಏರಿಸಲು ಜೊತೆಗೊಬ್ಬರು ಬೇಕೇ ಬೇಕು. ಊರಲ್ಲೇ ಅಂಗಣವಿದ್ದರೂ ಬಾಗಿಲು ಕಿರಿದಾಗಿದ್ದರೆ ಅಥವಾ ಶೌಚಾಲಯಕ್ಕೆ ಇಳಿಜಾರು ದಾರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಮಲೆನಾಡಿನ ಮಳೆಗಾಲದಲ್ಲಿ ನೆನೆದ ಮಣ್ಣಿನ ಅಂಗಣ ಗಾಲಿಗಳನ್ನು ಕಚ್ಚಿ ಹಿಡಿಯುವುದರಿಂದ ಗಟ್ಟಿ ನೆಲವೇ ಅನುಕೂಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 30ನೆಯ ಪ್ರಕರಣವು ಅಂಗವಿಕಲರು ಕ್ರೀಡೆಯಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸಲು ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಕ್ರೀಡಾ ಸೌಕರ್ಯಗಳ ಮರುವಿನ್ಯಾಸ ಮತ್ತು ಅನುದಾನದ ಹಂಚಿಕೆಯೂ ಅದರಲ್ಲಿ ಸೇರಿವೆ. ಬಾಗಿಲು, ಇಳಿಜಾರು, ಕುರ್ಚಿ ಇವೆಲ್ಲ ದಾನಿಗಳ ಮರ್ಜಿಗೆ ಬಿಟ್ಟ ವಿಷಯಗಳಲ್ಲವೆಂಬುದು ಇದರಿಂದ ಸ್ಪಷ್ಟ.

ಇತರ ಪ್ರಕಾರಗಳು

ಶ್ರವಣದೋಷವುಳ್ಳವರ ಟೆನಿಸ್ ಇದಕ್ಕಿಂತ ಬಹಳ ಹಳೆಯದು. 1924ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ಕಿವುಡರ ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲೇ ಅದಿತ್ತು. ಬೌದ್ಧಿಕ ನ್ಯೂನತೆಯುಳ್ಳವರು ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಟೆನಿಸ್ ಆಡುತ್ತಾರೆ. ದೃಷ್ಟಿಹೀನರ ಟೆನಿಸ್ಸನ್ನು 1980ರ ದಶಕದಲ್ಲಿ ರೂಪಿಸಿದವರು ಸ್ವತಃ ದೃಷ್ಟಿಹೀನರಾಗಿದ್ದ ಜಪಾನಿನ ಮಿಯೋಶಿ ತಾಕೇಯಿ. ಅದರಲ್ಲಿ ಬಳಸುವ ಸ್ಪಂಜಿನ ಚೆಂಡಿನೊಳಗೆ ಗಿಲಕಿಯಂತೆ ಸದ್ದು ಮಾಡುವ ಪುಟ್ಟ ಗೋಳವಿರುತ್ತದೆ. ಪೂರ್ಣ ದೃಷ್ಟಿಹೀನರಿಗೆ ಮೂರು ಪುಟಿತಗಳವರೆಗೆ ಅವಕಾಶವಿದ್ದು, ಅವರು ಚೆಂಡಿನ ದಿಕ್ಕನ್ನು ಕಿವಿಯಿಂದಲೇ ಗುರುತಿಸಿ ಹೊಡೆಯುತ್ತಾರೆ.